‘ಇವತ್ತು ಬೇಡ ಸಾರ್’: ಸಣ್ಣ ವಿಮಾನಗಳ ಕಥೆ, ಒಂಬತ್ತು ಕ್ಯಾಪ್ಷನ್‌ಗಳಲ್ಲಿ

ಭಾಗ 1/9

ಫೋಟೋದಲ್ಲಿ ಏನೂ ಕಾಣ್ತಿಲ್ಲ ಅಂತ ಸ್ಕ್ರೋಲ್ ಮಾಡ್ಬೇಡಿ. ಏನೂ ಕಾಣದೇ ಇರೋದೇ ಈ ಸಲದ ವಿಷಯ. ಇದು ಕಳಸದ ಹತ್ತಿರ ಗುಡ್ಡ ಹತ್ತೋ ಮಣ್ಣಿನ ರಸ್ತೆ. ಜುಲೈ ತಿಂಗಳು, ಬೆಳಿಗ್ಗೆ ಹತ್ತು ಗಂಟೆ. ಹತ್ತು ಹೆಜ್ಜೆ ಮುಂದಿರೋ ಸಿಲ್ವರ್ ಮರ ಕೂಡ ಮಂಜಲ್ಲಿ ಮಾಯ.

ನಮ್ಮ ಚಿಕ್ಕಪ್ಪ ಕಳಸದಲ್ಲಿ ಜೀಪ್ ಓಡಿಸ್ತಾರೆ. ಹೋದ ಮಳೆಗಾಲದಲ್ಲಿ ಒಂದು ಹೋಂಸ್ಟೇಯಿಂದ ಎಂಟು ಜನರನ್ನ ಗುಡ್ಡಕ್ಕೆ ಕರ್ಕೊಂಡು ಹೋಗೋ ಬಾಡಿಗೆ ಬಂತು. ಮುಂದಿನ ಸೀಟಲ್ಲಿ ನಾನೂ ಇದ್ದೆ. ಅರ್ಧ ದಾರಿಗೆ ಮಂಜು ಇಳೀತು, ಟೈರ್ ಜಾರೋಕೆ ಶುರುವಾಯ್ತು. ಚಿಕ್ಕಪ್ಪ ಜೀಪ್ ನಿಲ್ಲಿಸಿ, “ಇವತ್ತು ಬೇಡ ಸಾರ್, ನಾಳೆ ನೋಡಾಣ” ಅಂದ್ರು. ಅವರು ಬೆಂಗಳೂರಿನವರು, ನಾಳೆ ಇರಲ್ಲ. “ನಿಮಗೆ ಡ್ರೈವಿಂಗ್ ಸರಿಯಾಗಿ ಬರಲ್ವಾ?” ಅಂತ ಒಬ್ಬರು ಕೇಳಿಯೇ ಬಿಟ್ರು. ವಾಪಸ್ ಬಂದ್ಮೇಲೆ ಬಾಡಿಗೆ ಕೊಡ್ಲಿಲ್ಲ. ಹೋಂಸ್ಟೇಯವರು ಆಮೇಲೆ ಎರಡು ತಿಂಗಳು ಚಿಕ್ಕಪ್ಪನಿಗೆ ಫೋನೇ ಮಾಡ್ಲಿಲ್ಲ.

ನಾನು ಬಿಕಾಂ ಓದ್ತಿರೋದ್ರಿಂದ ಇದನ್ನ ಲೆಕ್ಕದ ಪುಸ್ತಕದ ಥರ ನೋಡ್ದೆ. ಆ ದಿನ ಅಪಘಾತ ಆಗಲಿಲ್ಲ. ಆಗದೇ ಇದ್ದ ಅಪಘಾತಕ್ಕೆ ಯಾವ ಲೆಡ್ಜರ್‌ನಲ್ಲೂ ಎಂಟ್ರಿ ಇಲ್ಲ. ಆದ್ರೆ ಹೋದ ಬಾಡಿಗೆಗೆ ಎಂಟ್ರಿ ಇದೆ, ಅದು ಚಿಕ್ಕಪ್ಪನ ಖಾತೆಯಲ್ಲಿ ಮಾತ್ರ. ‘ಬೇಡ’ ಅನ್ನೋ ಮಾತಿಗೆ ಒಂದು ಬೆಲೆ ಇದೆ ಅಂತಾಯ್ತು. ಆ ಬೆಲೆ ಕೊಡೋರು ಯಾರು?

ಇದೇ ಪ್ರಶ್ನೆಯನ್ನ ಜೀಪಿಗಿಂತ ಸ್ವಲ್ಪ ಮೇಲೆ ತಗೊಂಡು ಹೋಗೋಣ. ಕಂಪನಿ ಮಾಲೀಕರು, ರಾಜಕಾರಣಿಗಳು, ಸಿನಿಮಾ ತಾರೆಯರು ಓಡಾಡೋ ಖಾಸಗಿ ವಿಮಾನ, ಬಾಡಿಗೆ ಹೆಲಿಕಾಪ್ಟರ್‌ಗಳ ಚರಿತ್ರೆ ಇದು. ಇಲ್ಲಿ ಪೈಲಟ್ ‘ಬೇಡ’ ಅನ್ನಬೇಕಾದ್ರೆ ಅದನ್ನ ತನ್ನ ಸಂಬಳ ಕೊಡೋರಿಗೇ ಹೇಳ್ಬೇಕು. ಅವರು ಕೂತಿರೋದು ಕೈಗೆಟುಕೋ ದೂರದಲ್ಲಿ.

ಭಾಗ 2/9

ಮೊದಲು ಸ್ವಲ್ಪ ಹಿನ್ನೆಲೆ.

ನಮ್ಮ ಜಿಲ್ಲೆಗೆ ಟಿಕೆಟ್ ತಗೊಂಡು ಹತ್ತೋ ವಿಮಾನ ಇಲ್ಲ. ಮಂಗಳೂರಿಗೆ ಘಾಟಿ ಇಳೀಬೇಕು, ಇಲ್ಲಾಂದ್ರೆ 2023ರಲ್ಲಿ ಶುರುವಾದ ಶಿವಮೊಗ್ಗಕ್ಕೆ ಹೋಗ್ಬೇಕು. ಹಾಗಾಗಿ ಮೂಡಿಗೆರೆ, ಕಳಸ ಕಡೆಯ ಮಕ್ಕಳು ಹತ್ತಿರದಿಂದ ನೋಡೋ ಮೊದಲ ವಿಮಾನ ಸಾಮಾನ್ಯವಾಗಿ ಹೆಲಿಕಾಪ್ಟರ್ರೇ. ಚುನಾವಣೆ ಬಂದಾಗ ಸ್ಕೂಲ್ ಫೀಲ್ಡಲ್ಲಿ ಸುಣ್ಣದಿಂದ ದೊಡ್ಡ ‘ಎಚ್’ ಬರೀತಾರೆ, ಧೂಳು ಏಳದಂಗೆ ನೀರು ಹಾಕ್ತಾರೆ, ನಾವೆಲ್ಲ ಬೇಲಿ ಹತ್ರ ಮೊಬೈಲ್ ಹಿಡ್ಕೊಂಡು ನಿಲ್ತೀವಿ.

ಕರ್ನಾಟಕದಲ್ಲಿ ಸಣ್ಣ ವಿಮಾನಗಳ ಕಥೆ ಶುರುವಾಗೋದು ಬೆಂಗಳೂರಿನ ಜಕ್ಕೂರಲ್ಲಿ. ಅಲ್ಲಿನ ಏರೋಡ್ರೋಮ್ ಮತ್ತು ಸರ್ಕಾರಿ ಹಾರಾಟ ತರಬೇತಿ ಶಾಲೆ 1948ರಷ್ಟು ಹಳೇವು, ಜಯಚಾಮರಾಜ ಒಡೆಯರ ಕಾಲದವು. ಆಮೇಲೆ ದಶಕಗಳ ಕಾಲ ಸ್ವಂತಕ್ಕೆ ಹಾರೋದು ಅಂದ್ರೆ ರಾಜಮನೆತನ, ದೊಡ್ಡ ಉದ್ಯಮಿಗಳು, ಸರ್ಕಾರ ಅಷ್ಟೇ. ಬಾಡಿಗೆ ಹೆಲಿಕಾಪ್ಟರ್ ಅನ್ನೋದನ್ನ ಇಲ್ಲಿ ಜನಕ್ಕೆ ಪರಿಚಯ ಮಾಡಿಸಿದವರಲ್ಲಿ ನಮ್ಮ ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಮುಖ್ಯರು. ಸೈನ್ಯದಿಂದ ಬಂದು ಕೃಷಿ ಮಾಡ್ತಿದ್ದವರು 1997ರಲ್ಲಿ ಗೆಳೆಯರ ಜೊತೆ ಡೆಕ್ಕನ್ ಏವಿಯೇಷನ್ ಕಟ್ಟಿದ್ರು. ಏರ್ ಡೆಕ್ಕನ್ ಬಂದಿದ್ದು ಆಮೇಲೆ, 2003ರಲ್ಲಿ.

ಈಗ ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ. ದೊಡ್ಡ ಏರ್‌ಲೈನ್‌ನಲ್ಲಿ ಪೈಲಟ್ ಒಂಟಿ ಅಲ್ಲ. ಹವಾಮಾನ ನೋಡೋಕೆ, ಇಂಧನದ ಲೆಕ್ಕ ಹಾಕೋಕೆ, ಯಾವ ನಿಲ್ದಾಣ ತೆರೆದಿದೆ ಅಂತ ಹೇಳೋಕೆ ನೆಲದ ಮೇಲೆ ಒಂದು ದೊಡ್ಡ ವ್ಯವಸ್ಥೆ ಇದೆ. ವಿಮಾನ ತಡವಾದ್ರೆ ಪ್ರಯಾಣಿಕರು ಬೈಯೋದು ಕಂಪನಿಗೆ. ಖಾಸಗಿ ಹಾರಾಟದಲ್ಲಿ ಈ ಎಷ್ಟೋ ಕೆಲಸ ಒಬ್ಬರು ಅಥವಾ ಇಬ್ಬರು ಪೈಲಟ್‌ಗಳ ತಲೆ ಮೇಲೆ ಬೀಳತ್ತೆ. ಇಳಿಯೋ ಜಾಗದಲ್ಲಿ ರನ್‌ವೇ ಇರಲ್ಲ, ಹವಾಮಾನ ಕೇಂದ್ರ ಇರಲ್ಲ. ಇರೋದು ಸುಣ್ಣದ ‘ಎಚ್’, ಕಾಯ್ತಿರೋ ಜನ, ಹಿಂದಿನ ಸೀಟಲ್ಲಿ ವಾಚ್ ನೋಡ್ತಿರೋ ಸಾಹೇಬರು.

ಭಾಗ 3/9

ನೀವು ಆಪ್ತಮಿತ್ರ ಎಷ್ಟು ಸಲ ನೋಡಿದೀರಿ? ಟಿವಿಯಲ್ಲಿ ಬಂದಾಗೆಲ್ಲ ನಮ್ಮನೇಲಿ ಹಾಕ್ತಾರೆ. ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಆ ಸಿನಿಮಾ ತೆರೆಗೆ ಬರೋದನ್ನ ನೋಡ್ಲೇ ಇಲ್ಲ.

2004ರ ಏಪ್ರಿಲ್ 17. ಲೋಕಸಭಾ ಚುನಾವಣೆ ಕಾಲ. ಪ್ರಚಾರಕ್ಕೆ ಅಂತ ಸೌಂದರ್ಯ ಆಂಧ್ರದ ಕರೀಂನಗರಕ್ಕೆ ಹೊರಟಿದ್ರು (ಈಗ ಅದು ತೆಲಂಗಾಣ). ಜಕ್ಕೂರಿಂದ ಬೆಳಿಗ್ಗೆ 11ರ ಸುಮಾರಿಗೆ ಸೆಸ್ನಾ 180 ವಿಮಾನ ಮೇಲೆದ್ದಿತು. ಒಂದೇ ಎಂಜಿನ್, ಒಬ್ಬ ಪೈಲಟ್, ಒಟ್ಟು ನಾಲ್ಕು ಜನ. ಸ್ವಲ್ಪವೇ ಎತ್ತರ ಏರಿದ ವಿಮಾನ ಕೆಲವೇ ಕ್ಷಣಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಬಿತ್ತು, ಬೆಂಕಿ ಹತ್ತಿಕೊಂಡಿತು. ಸೌಂದರ್ಯ, ಅವರ ಅಣ್ಣ ಅಮರನಾಥ್ ಸೇರಿ ನಾಲ್ವರೂ ತೀರಿಕೊಂಡರು. ಅವರೇ ನಿರ್ಮಿಸಿ ನಟಿಸಿದ್ದ, ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ದ್ವೀಪ’ 2001ರ ಅತ್ಯುತ್ತಮ ಚಿತ್ರಕ್ಕಿರೋ ರಾಷ್ಟ್ರಪ್ರಶಸ್ತಿ ಪಡೆದಿತ್ತು.

ನಮ್ಮಮ್ಮನ ವಯಸ್ಸಿನವರನ್ನ ಕೇಳಿ ನೋಡಿ, ಆ ಮಧ್ಯಾಹ್ನ ಎಲ್ಲಿದ್ವಿ ಅಂತ ಹೇಳ್ತಾರೆ. ಕನ್ನಡದವರಿಗೆ ‘ಸಣ್ಣ ವಿಮಾನ’ ಅನ್ನೋ ಮಾತು ಭಯವಾಗಿ ಮನೆಯೊಳಗೆ ಬಂದಿದ್ದು ಅವತ್ತು.

ಇಂಥ ಯಾವ ಸಣ್ಣ ವಿಮಾನ ಹೊರಡೋವಾಗ್ಲೂ ಪೈಲಟ್ ಮಾಡಬೇಕಾದ ಒಂದು ಲೆಕ್ಕ ಇದೆ, ಗೊತ್ತಿರಲಿ. ಗಾಳಿ ಬಿಸಿಯಾದಷ್ಟೂ ತೆಳುವಾಗತ್ತೆ. ಎತ್ತರದ ಊರಲ್ಲೂ ಗಾಳಿ ತೆಳು, ಬೆಂಗಳೂರು ಇರೋದೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. ತೆಳು ಗಾಳಿಯಲ್ಲಿ ರೆಕ್ಕೆ ಕಡಿಮೆ ಎತ್ತತ್ತೆ, ಎಂಜಿನ್ ಕಡಿಮೆ ಶಕ್ತಿ ಕೊಡತ್ತೆ. ಹಾಗಾಗಿ ಜನವರಿಯ ಚುಮುಚುಮು ಬೆಳಿಗ್ಗೆ ಸುಲಭವಾಗಿ ಏರೋ ವಿಮಾನ, ಅದೇ ತೂಕ ಹೊತ್ತು ಏಪ್ರಿಲ್ ಮಧ್ಯಾಹ್ನ ಏದುಸಿರು ಬಿಡತ್ತೆ. ಲೋಡ್ ಕಾಫಿ ಹೊತ್ತ ಪಿಕಪ್ ಏರಿನಲ್ಲಿ ಮುಕ್ಕರಿಯೋದನ್ನ ನೋಡಿದೀರಲ್ಲ, ಹಂಗೆ. ಪಿಕಪ್ ಆದ್ರೆ ನಿಲ್ಲಿಸಬಹುದು.

ಈ ಲೆಕ್ಕ ಹಾಕೋದು ಕಷ್ಟ ಅಲ್ಲ. ಲೆಕ್ಕ ತಾಳೆ ಆಗದಿದ್ದಾಗ “ಒಬ್ಬರು ಇಳೀಬೇಕು” ಅಥವಾ “ಸಂಜೆ ಹೋಗೋಣ” ಅಂತ ಬಾಯಿಬಿಟ್ಟು ಹೇಳೋದು ಕಷ್ಟ.

ಭಾಗ 4/9

ರಾಜಕಾರಣಿಗಳ ವಿಮಾನಗಳ ಪಟ್ಟಿ ನೋಡಿದ್ರೆ ಆ ದಶಕದಲ್ಲಿ ಒಂದರ ಹಿಂದೆ ಒಂದು.

2001ರ ಸೆಪ್ಟೆಂಬರ್ 30: ಮಾಧವರಾವ್ ಸಿಂಧಿಯಾ. ಕಾನ್ಪುರದ ಸಭೆಗೆ ಹೊರಟಿದ್ರು. ಕೆಟ್ಟ ಹವಾಮಾನದಲ್ಲಿ ಅವರಿದ್ದ ಖಾಸಗಿ ವಿಮಾನ ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಬಿತ್ತು. ಪತ್ರಕರ್ತರೂ ಸೇರಿ 8 ಜನ ಸತ್ತರು.

2002ರ ಮಾರ್ಚ್ 3: ಲೋಕಸಭೆಯ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ. ಅವರಿದ್ದ ಬೆಲ್ 206 ಹೆಲಿಕಾಪ್ಟರ್ ಆಂಧ್ರದ ಕೈಕಲೂರು ಬಳಿ ಮೀನಿನ ಕೆರೆಗೆ ಬಿತ್ತು.

2009ರ ಸೆಪ್ಟೆಂಬರ್ 2: ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ. ಇದು ಖಾಸಗಿ ಅಲ್ಲ, ಸರ್ಕಾರದ್ದೇ ಬೆಲ್ 430. ಆದ್ರೂ ಇದನ್ನ ಬಿಡೋಕಾಗಲ್ಲ, ಯಾಕಂದ್ರೆ ಪಾಠ ಇರೋದು ಇಲ್ಲೇ. ಬೇಗಂಪೇಟೆಯಿಂದ ಬೆಳಿಗ್ಗೆ ಚಿತ್ತೂರು ಕಡೆ ಹೊರಟ ಹೆಲಿಕಾಪ್ಟರ್ ನಲ್ಲಮಲ ಕಾಡಿನ ಮೇಲೆ ಸಂಪರ್ಕ ಕಳ್ಕೊಂಡಿತು. ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಒಳಗಿದ್ದ ಐವರೂ ಸತ್ತಿದ್ದರು.

ತನಿಖಾ ಸಮಿತಿ ಕಾಕ್‌ಪಿಟ್‌ನ ಧ್ವನಿಮುದ್ರಣ ಕೇಳಿ ಹೇಳಿದ್ದು ಏನು ಗೊತ್ತಾ? ಗೇರ್‌ಬಾಕ್ಸಿನ ಆಯಿಲ್ ಪ್ರೆಷರ್ ಬಗ್ಗೆ ಒಂದು ಎಚ್ಚರಿಕೆ ಬಂತು. ಪೈಲಟ್‌ಗಳು ಅದಕ್ಕೆ ಏನು ಮಾಡ್ಬೇಕು ಅಂತ ಕೈಪಿಡಿಯಲ್ಲಿ ಹುಡುಕ್ತಾ ಹಲವು ನಿಮಿಷ ಕಳೆದ್ರು. ಅಷ್ಟರಲ್ಲಿ ಹೆಲಿಕಾಪ್ಟರ್ ದಟ್ಟ ಮಳೆಮೋಡದೊಳಗೆ ಹೋಗಿಬಿಟ್ಟಿತ್ತು. ಅಲ್ಲಿನ ಜೋರು ಇಳಿಗಾಳಿ ಕೆಳಕ್ಕೆ ದಬ್ಬಿತು.

ಪರೀಕ್ಷೆ ಹಾಲ್ ನೆನಪು ಮಾಡ್ಕೊಳ್ಳಿ. ಎರಡು ಮಾರ್ಕ್ಸಿನ ಪ್ರಶ್ನೆಗೆ ತಲೆ ಕೆಡಿಸ್ಕೊಂಡು ಕೂತು, ಹದಿನೈದು ಮಾರ್ಕ್ಸಿನ ಪ್ರಶ್ನೆಗೆ ಟೈಮೇ ಇಲ್ಲದಂಗೆ ಮಾಡ್ಕೊಂಡಿರ್ತೀವಿ. ಇಬ್ಬರು ಪೈಲಟ್ ಯಾಕೆ ಬೇಕು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಒಬ್ಬರು ಸಮಸ್ಯೆ ನೋಡೋವಾಗ ಇನ್ನೊಬ್ಬರು ಹೊರಗೆ ನೋಡ್ತಿರಬೇಕು. ಇಬ್ಬರೂ ಒಂದೇ ಪುಸ್ತಕದೊಳಗೆ ತಲೆ ಹಾಕಿದ್ರೆ ಒಬ್ಬರೇ ಇದ್ದಂಗಾಯ್ತು. ಪೈಲಟ್‌ನ ಸಾಮರ್ಥ್ಯ ಅಂದ್ರೆ ಕೈಚಳಕ ಒಂದೇ ಅಲ್ಲ. ಈ ಕ್ಷಣಕ್ಕೆ ಯಾವುದು ಮುಖ್ಯ ಅಂತ ಆರಿಸೋದೂ ಅದರೊಳಗೇ ಬರತ್ತೆ.

ಭಾಗ 5/9

ಮೋಡದೊಳಗೆ ಹೋದ್ರೆ ನಿಜವಾಗ್ಲೂ ಏನಾಗತ್ತೆ? ಮಲೆನಾಡಿನವರಿಗೆ ಇದು ಗೊತ್ತಿರಲೇಬೇಕು. ನಮ್ಮ ಮನೆ ಅಂಗಳಕ್ಕೇ ಮೋಡ ಬರತ್ತಲ್ಲ.

ಒಂದು ಪ್ರಯೋಗ. ತಿರುಗೋ ಕುರ್ಚಿ ಮೇಲೆ ಕೂತು ಕಣ್ಣು ಮುಚ್ಚಿ. ಗೆಳೆಯರಿಗೆ ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಿಸೋಕೆ ಹೇಳಿ. ಅರ್ಧ ನಿಮಿಷದೊಳಗೆ ನಿಮಗೆ ತಿರುಗ್ತಿರೋದೇ ಗೊತ್ತಾಗಲ್ಲ, ಸುಮ್ನೆ ಕೂತಂಗೆ ಅನ್ಸತ್ತೆ. ಕುರ್ಚಿ ನಿಲ್ಲಿಸಿದ್ರೆ ಉಲ್ಟಾ ದಿಕ್ಕಿಗೆ ತಿರುಗ್ತಿರೋ ಭಾವನೆ ಬರತ್ತೆ. ಕಾರಣ, ಒಳಕಿವಿಯ ಕೊಳವೆಗಳಲ್ಲಿರೋ ದ್ರವ. ಅದು ವೇಗ ಬದಲಾದಾಗ ಮಾತ್ರ ಸುದ್ದಿ ಕೊಡತ್ತೆ, ಒಂದೇ ಸಮ ತಿರುಗ್ತಿದ್ರೆ ಸುಮ್ಮನಾಗತ್ತೆ.

ಮೋಡದೊಳಗಿನ ಪೈಲಟ್ ಅದೇ ಕುರ್ಚಿಯಲ್ಲಿ ಕೂತವರ ಥರ. ಆಕಾಶ, ನೆಲ ಸೇರೋ ಗೆರೆ ಕಾಣಲ್ಲ. ವಿಮಾನ ಒಂದು ಕಡೆ ವಾಲ್ತಾ ಇಳೀತಿದ್ರೂ ದೇಹ ‘ನೆಟ್ಟಗಿದೆ’ ಅನ್ನತ್ತೆ. ಸರಿ ಮಾಡೋಕೆ ಹೋದ್ರೆ ‘ತಪ್ಪು ಮಾಡ್ತಿದೀಯ’ ಅನ್ನತ್ತೆ. ಆಗ ದೇಹವನ್ನ ನಂಬದೆ ಮುಂದಿರೋ ಮೀಟರ್‌ಗಳನ್ನ ಮಾತ್ರ ನಂಬಬೇಕು. ಅದಕ್ಕೆ ಬೇರೆ ತರಬೇತಿ, ಬೇರೆ ಅರ್ಹತೆ ಇದೆ, ಅದನ್ನ ದಿನಾ ಬಳಸಿ ಚುರುಕಾಗಿಟ್ಕೋಬೇಕು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆ ತರಬೇತಿ ಇಲ್ಲದ 20 ಜನರನ್ನ ಕೃತಕ ಮೋಡದ ಸ್ಥಿತಿಗೆ ಒಡ್ಡಿ ಪರೀಕ್ಷೆ ಮಾಡಿದ್ರು. 20ಕ್ಕೆ 20 ಜನರೂ ನಿಯಂತ್ರಣ ಕಳ್ಕೊಂಡ್ರು. ಅದಕ್ಕೆ ಹಿಡಿದ ಸಮಯ ಸರಾಸರಿ 178 ಸೆಕೆಂಡ್. ಮೂರು ನಿಮಿಷ ಕೂಡ ಇಲ್ಲ.

ನಮ್ಮದೇ ಪಶ್ಚಿಮಘಟ್ಟದ ಸಾಲಿನಲ್ಲಿ, ನೀಲಗಿರಿಯಲ್ಲಿ, 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಇದ್ದ ಸೇನಾ ಹೆಲಿಕಾಪ್ಟರ್ ಕೂನೂರು ಬಳಿ ಬಿತ್ತು. ಇದ್ದ 14 ಜನರಲ್ಲಿ 13 ಮಂದಿ ಆಗಲೇ ಹೋದರು, ಇನ್ನೊಬ್ಬರು ಒಂದು ವಾರದ ನಂತರ ಬೆಂಗಳೂರಿನ ಆಸ್ಪತ್ರೆಯಲ್ಲಿ. ತನಿಖೆ ಹೇಳಿದ್ದು: ಕಣಿವೆಯಲ್ಲಿ ಹವಾಮಾನ ದಿಢೀರ್ ಬದಲಾಯ್ತು, ಹೆಲಿಕಾಪ್ಟರ್ ಮೋಡದೊಳಗೆ ಹೋಯ್ತು, ದಿಕ್ಕಿನ ಅರಿವು ತಪ್ಪಿತು. ವಾಯುಪಡೆಯ ನುರಿತ ಪೈಲಟ್‌ಗಳು ಅವರು. ಘಟ್ಟದ ಮಂಜು ಅಷ್ಟು ಬೇಗ ಬರತ್ತೆ. ಕೊಟ್ಟಿಗೆಹಾರದಲ್ಲಿ ಬಿಸಿಲಿದ್ದು, ಚಾರ್ಮಾಡಿಯ ಎರಡನೇ ತಿರುವಲ್ಲಿ ಬಾನೆಟ್ಟೇ ಕಾಣದಂಗೆ ಆಗಿರೋದು ನಿಮಗೂ ನೆನಪಿರಬೇಕು.

ಭಾಗ 6/9

“ಸಾಹೇಬರು ಒತ್ತಡ ಹಾಕ್ತಾರೆ, ಪೈಲಟ್ ಪಾಪ” ಅಂತ ಇಷ್ಟರಲ್ಲಿ ನಿಮಗೆ ಅನ್ನಿಸಿರಬಹುದು. ನನಗೂ ಹಾಗೇ ಅನ್ನಿಸಿತ್ತು. ಕೋಬಿ ಬ್ರಯಂಟ್ ಕೇಸ್ ಓದಿದ ಮೇಲೆ ಅಷ್ಟು ಸುಲಭ ಇಲ್ಲ ಅಂತ ಗೊತ್ತಾಯ್ತು.

2020ರ ಜನವರಿ 26. ಲಾಸ್ ಏಂಜಲೀಸ್ ಸುತ್ತ ಮಂಜು. ಎಷ್ಟು ಅಂದ್ರೆ ಅಲ್ಲಿನ ಪೊಲೀಸ್ ಇಲಾಖೆ ತನ್ನ ಹೆಲಿಕಾಪ್ಟರ್‌ಗಳನ್ನೇ ಆ ಬೆಳಿಗ್ಗೆ ಹಾರಿಸಿರಲಿಲ್ಲ. ಬಾಸ್ಕೆಟ್‌ಬಾಲ್ ತಾರೆ ಕೋಬಿ, 13 ವರ್ಷದ ಮಗಳು ಜಿಯಾನಾ, ಅವಳ ಟೀಮಿನವರು ಮ್ಯಾಚಿಗೆ ಹೊರಟಿದ್ರು. ಬಾಡಿಗೆ ಹೆಲಿಕಾಪ್ಟರ್, ಒಬ್ಬ ಪೈಲಟ್, ಒಟ್ಟು 9 ಜನ. ಆ ಪೈಲಟ್ ಅನುಭವಿ, ಕೋಬಿ ಅವರನ್ನ ಎಷ್ಟೋ ಸಲ ಕರ್ಕೊಂಡು ಹೋದವರು. ಆದ್ರೆ ಆ ಕಂಪನಿಗೆ ಇದ್ದ ಅನುಮತಿ ಕಣ್ಣಿಗೆ ಕಾಣೋವಾಗ ಹಾರೋಕೆ ಮಾತ್ರ. ಮೋಡದೊಳಗೆ ಹೋಗೋ ಹಾಗಿರಲಿಲ್ಲ.

ಗುಡ್ಡಗಳ ಮಧ್ಯೆ ಮೋಡ ಮುತ್ತಿದಾಗ ಪೈಲಟ್ ಮೇಲೇರಿ ದಾಟೋಕೆ ಹೋದ್ರು. ‘ಏರ್ತಿದೀನಿ’ ಅಂತ ನಿಯಂತ್ರಣ ಕೇಂದ್ರಕ್ಕೆ ಹೇಳೋ ಹೊತ್ತಿಗೆ ಹೆಲಿಕಾಪ್ಟರ್ ಎಡಕ್ಕೆ ವಾಲಿ ಇಳೀತಿತ್ತು. ಹಿಂದಿನ ಭಾಗದ ಕುರ್ಚಿ ನೆನಪಾಯ್ತಾ? 9 ಜನರೂ ಸತ್ತರು.

2021ರ ಫೆಬ್ರವರಿಯಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನ ಹೇಳಿತು. ಕೋಬಿ ಒತ್ತಡ ಹಾಕಿದ್ದಕ್ಕೆ ಪುರಾವೆ ಇಲ್ಲ. ಕಂಪನಿ ಒತ್ತಡ ಹಾಕಿದ್ದಕ್ಕೂ ಇಲ್ಲ. ಗಿರಾಕಿಯನ್ನ ಹೇಗಾದ್ರೂ ತಲುಪಿಸಬೇಕು ಅಂತ ಪೈಲಟ್ ತನಗೆ ತಾನೇ ಹಾಕಿಕೊಂಡಿರಬಹುದಾದ ಒತ್ತಡ, ಜೊತೆಗೆ ಹೊರಟ ಮೇಲೆ ಯೋಜನೆ ಬದಲಿಸೋಕೆ ಒಪ್ಪದ ಮನಸ್ಸು, ಇವೆರಡನ್ನ ಅದು ಎತ್ತಿ ತೋರಿಸಿತು.

ಹಿಂದಿನ ಸೀಟಿನವರು ಬೈಯೋದೇ ಬೇಕಾಗಿಲ್ಲ. ಅವರು ಒಳ್ಳೆಯವರಾಗಿದ್ರೂ, ನಮ್ಮನ್ನ ನಂಬಿದ್ರೂ, ‘ಅವರಿಗೆ ಬೇಜಾರು ಮಾಡ್ಬಾರ್ದು’ ಅನ್ನೋ ಆಸೆಯೇ ಸಾಕು. ಇನ್ನೊಂದು, ನಾವು ಕಾಸ್ಟಿಂಗ್ ಕ್ಲಾಸಲ್ಲಿ ಓದೋ ಸಂಕ್ ಕಾಸ್ಟ್. ಅರ್ಧ ದಾರಿ ಬಂದಾಗಿದೆ, ಇಂಧನ ಸುಟ್ಟಾಗಿದೆ, ಇನ್ನು ಸ್ವಲ್ಪ ತಾನೇ? ಕಳೆದುಹೋದ ಖರ್ಚನ್ನ ಮುಂದಿನ ತೀರ್ಮಾನಕ್ಕೆ ತರಬಾರದು ಅಂತ ಎಕ್ಸಾಮಲ್ಲಿ ಬರೀತೀವಿ. ಮಂಜಲ್ಲಿ ಅದು ನೆನಪಿಗೆ ಬರಲ್ಲ.

ಭಾಗ 7/9

ಹವಾಮಾನ ಚೆನ್ನಾಗಿದ್ದು, ವಿಮಾನ ಸರಿಯಾಗಿದ್ದು, ಇಬ್ಬರು ಅನುಭವಿ ಪೈಲಟ್‌ಗಳಿದ್ದು, ಯಾವ ಅವಸರವೂ ಇಲ್ಲದೆ ಅಪಘಾತ ಆಗತ್ತಾ? ಆಗಿದೆ. ಕಾರ್ಪೊರೇಟ್ ವಿಮಾನಯಾನದ ಬಗ್ಗೆ ಒಂದೇ ಕೇಸ್ ಓದೋದಾದ್ರೆ ಇದನ್ನ ಓದಿ.

2014ರ ಮೇ 31ರ ರಾತ್ರಿ, ಅಮೆರಿಕದ ಬೋಸ್ಟನ್ ಹತ್ತಿರದ ಬೆಡ್‌ಫರ್ಡ್. ಪತ್ರಿಕಾ ಮಾಲೀಕ ಲೂಯಿಸ್ ಕಾಟ್ಜ್ ಅವರ ಗಲ್ಫ್‌ಸ್ಟ್ರೀಮ್ ಜೆಟ್ ಹೊರಡ್ತಿತ್ತು. ನಿಂತ ವಿಮಾನದ ರೆಕ್ಕೆ ಮತ್ತು ಬಾಲದ ಪಟ್ಟಿಗಳು ಗಾಳಿಗೆ ಬಡಿದಾಡದಂಗೆ ಒಂದು ಲಾಕ್ ಹಾಕಿರ್ತಾರೆ. ಹೊರಡೋ ಮುಂಚೆ ಅದನ್ನ ತೆಗೆದು, ಸ್ಟೀರಿಂಗನ್ನ ಎಲ್ಲಾ ಕಡೆ ತಿರುಗಿಸಿ ನೋಡಬೇಕು. ಕೆಲವು ಸೆಕೆಂಡಿನ ಕೆಲಸ. ಅವರು ಲಾಕ್ ತೆಗೀಲಿಲ್ಲ, ತಿರುಗಿಸಿಯೂ ನೋಡ್ಲಿಲ್ಲ. ರನ್‌ವೇ ಮೇಲೆ ಪೂರ್ತಿ ವೇಗದಲ್ಲಿ ಓಡೋವಾಗ ಗೊತ್ತಾಯ್ತು, ಲಾಕ್ ಹಾಕಿದೆ ಅಂತ. ತಕ್ಷಣ ಬ್ರೇಕ್ ಹಾಕದೆ ಅದನ್ನ ಬಿಡಿಸೋಕೆ ಪರದಾಡಿದ್ರು. ಕೊನೆಗೆ ಬ್ರೇಕ್ ಹಾಕೋ ಹೊತ್ತಿಗೆ ರನ್‌ವೇ ಮುಗಿದಿತ್ತು. ಕಾಟ್ಜ್ ಸೇರಿ 7 ಜನ ಸತ್ತರು.

ತನಿಖೆಯವರು ವಿಮಾನದಲ್ಲಿ ಉಳಿದಿದ್ದ ಹಳೇ ದಾಖಲೆ ತೆಗೆದು ನೋಡಿದ್ರು. ಅದಕ್ಕೂ ಹಿಂದಿನ 175 ಟೇಕಾಫ್‌ಗಳಲ್ಲಿ ಈ ಪರೀಕ್ಷೆಯನ್ನ ಪೂರ್ತಿ ಮಾಡಿದ್ದು ಎಷ್ಟು ಸಲ? 2 ಸಲ. ಉಳಿದ 173 ಸಲ ಅರ್ಧಂಬರ್ಧ, ಇಲ್ಲಾಂದ್ರೆ ಇಲ್ಲವೇ ಇಲ್ಲ.

173 ಸಲ ಏನೂ ಆಗಲಿಲ್ಲ. ಪ್ರತಿ ಸಲ ಏನೂ ಆಗದೇ ಇದ್ದಾಗ ಬಿಟ್ಟಿದ್ದೇ ಅಭ್ಯಾಸ ಆಯ್ತು. ಇಬ್ಬರೂ ವರ್ಷಗಟ್ಟಲೆ ಜೊತೆಗೇ ಹಾರಿದವರು, ಒಬ್ಬರನ್ನೊಬ್ಬರು ಪ್ರಶ್ನೆ ಮಾಡೋದು ನಿಂತುಹೋಗಿತ್ತು. ದೊಡ್ಡ ಏರ್‌ಲೈನ್‌ನಲ್ಲಿ ಜೊತೆಗಾರ ಬದಲಾಗ್ತಾನೇ ಇರ್ತಾರೆ, ಹಾರಾಟದ ಡೇಟಾವನ್ನ ಆಫೀಸಲ್ಲಿ ಕೂತವರು ನೋಡ್ತಾರೆ. ಇಬ್ಬರೇ ಪೈಲಟ್‌ಗಳ ಖಾಸಗಿ ಜೆಟ್ಟಲ್ಲಿ ನೋಡೋರು ಯಾರು?

ನಮ್ಮ ಕಡೆ ಬೈಕಿನ ಸೈಡ್‌ಸ್ಟ್ಯಾಂಡ್ ತೆಗೀದೇ ಹೊರಡೋರು, ಹಿಂದಿನ ಬ್ರೇಕ್ ಒಂದೇ ನಂಬ್ಕೊಂಡು ಘಾಟಿ ಇಳಿಯೋರು ಕಮ್ಮಿ ಇಲ್ಲ. “ಇಷ್ಟು ದಿನ ಏನಾಗಿದೆ?” ಅಂತಾರೆ. ಆ 173 ಟೇಕಾಫ್‌ಗಳಿಗೂ ಅದೇ ಉತ್ತರ ಇತ್ತು.

ಭಾಗ 8/9

ಈಗ ಘಾಟಿ ಇಳಿದು ಮಂಗಳೂರಿಗೆ ಹೋಗೋಣ. ಇದು ಖಾಸಗಿ ಜೆಟ್ ಅಲ್ಲ, ಸರ್ಕಾರಿ ಒಡೆತನದಲ್ಲಿದ್ದ ಏರ್‌ಲೈನ್. ಆದ್ರೂ ಇಲ್ಲಿಗೆ ತರ್ತೀನಿ. ವ್ಯವಸ್ಥೆ ಇದ್ದೂ ‘ಬೇಡ’ ಅನ್ನೋ ಮಾತು ಹೇಗೆ ಸೋಲತ್ತೆ ಅಂತ ನಮ್ಮ ಭಾಗದವರು ಕಂಡಿದ್ದು ಅಲ್ಲೇ.

2010ರ ಮೇ 22, ಬೆಳಗಿನ 6 ಗಂಟೆ ದಾಟಿತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿ ಮೇಲಿದೆ, ಉದ್ದ ಸುಮಾರು 8,000 ಅಡಿ, ಆಚೆ ಕಮರಿ. ಕ್ಯಾಪ್ಟನ್‌ಗೆ 10,000 ಗಂಟೆಗೂ ಹೆಚ್ಚಿನ ಅನುಭವ. ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು ಅಂತ ಧ್ವನಿಮುದ್ರಣದಿಂದ ಗೊತ್ತಾಯ್ತು. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಸಹ ಪೈಲಟ್ ‘ಗೋ ಅರೌಂಡ್’, ಅಂದ್ರೆ ಇಳೀಬೇಡಿ, ಇನ್ನೊಂದು ಸುತ್ತು ಬರೋಣ ಅಂತ ಮೂರು ಸಲ ಹೇಳಿದ್ರು. ಯಂತ್ರವೂ ಎಚ್ಚರಿಕೆ ಕೂಗ್ತಿತ್ತು. ಕ್ಯಾಪ್ಟನ್ ಇಳಿಸಿದ್ರು. ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಸುಮಾರು 5,200 ಅಡಿ ಕಳೆದ ಮೇಲೆ. ಇದ್ದ 166 ಜನರಲ್ಲಿ 158 ಮಂದಿ ಸತ್ತರು. ಕಾಸರಗೋಡಿನಿಂದ ಉಡುಪಿವರೆಗೆ ಎಷ್ಟೋ ಮನೆಗಳು ಆ ದಿನವನ್ನ ಇನ್ನೂ ಲೆಕ್ಕ ಹಾಕ್ತವೆ.

‘ಬೇಡ’ ಅಂತ ಹೇಳಿದ್ರೆ ಸಾಲಲ್ಲ, ಕೇಳೋರು ಬೇಕು. ಇನ್ನೊಂದು ಸುತ್ತು ಬಂದಿದ್ದಕ್ಕೆ ಪೈಲಟನ್ನ ಶಿಕ್ಷಿಸಬಾರದು ಅನ್ನೋ ನೀತಿಗೆ ಇಷ್ಟು ಮಹತ್ವ ಇರೋದು ಅದಕ್ಕೇ. ಆ ಸುತ್ತಿಗೆ ಇಂಧನ ಖರ್ಚಾಗತ್ತೆ, ತಡ ಆಗತ್ತೆ. ಆ ಖರ್ಚನ್ನ ಕಂಪನಿ ತನ್ನ ಖಾತೆಗೆ ಹಾಕ್ಕೊಂಡ್ರೆ ಮಾತ್ರ ಪೈಲಟ್ ಧೈರ್ಯವಾಗಿ ಮೇಲೇರ್ತಾರೆ.

ಸಣ್ಣ ಬಾಡಿಗೆ ಕಂಪನಿಗಳಲ್ಲಿ ಈ ಲೆಕ್ಕವೇ ಬಿಗಿ. ಹೆಲಿಕಾಪ್ಟರ್ ನಿಂತಿದ್ರೂ ಸಾಲದ ಕಂತು, ವಿಮೆ, ಸಂಬಳ ಓಡ್ತಾನೇ ಇರತ್ತೆ, ಆದಾಯ ಬರೋದು ಹಾರಿದ್ರೆ ಮಾತ್ರ. ತೀರ್ಥಯಾತ್ರೆಯ ಸೀಸನ್‌ನಲ್ಲಂತೂ ಒಂದೊಂದು ಟ್ರಿಪ್ಪೂ ದುಡ್ಡು. 2025ರ ಜೂನ್ 15ರಂದು ಕೇದಾರನಾಥದಿಂದ ಗುಪ್ತಕಾಶಿಗೆ ಹೊರಟ ಖಾಸಗಿ ಹೆಲಿಕಾಪ್ಟರ್ ಕೆಟ್ಟ ಹವಾಮಾನದಲ್ಲಿ ಗೌರಿಕುಂಡದ ಬಳಿ ಬಿತ್ತು. ಮಗುವೂ ಸೇರಿ 7 ಜನ. ಆಮೇಲೆ ಸೇವೆ ತಾತ್ಕಾಲಿಕವಾಗಿ ನಿಲ್ಲಿಸಿದ್ರು. ಆಮೇಲೆ!

ಭಾಗ 9/9

ಕೊನೆಯದು ಸಾವಿನ ಕಥೆ ಅಲ್ಲ.

2023ರ ಮಾರ್ಚ್ 6, ಕಲಬುರಗಿ ಜಿಲ್ಲೆಯ ಜೇವರ್ಗಿ. ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪ ಅವರ ಹೆಲಿಕಾಪ್ಟರ್ ಇಳೀಬೇಕಿತ್ತು. ನೆಲ ಹತ್ತಿರ ಬಂದಾಗ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳು ಗಾಳಿಗೆ ಎದ್ದು ಹಾರಾಡಿದವು. ರೆಕ್ಕೆಗೋ ಎಂಜಿನ್‌ಗೋ ಸಿಕ್ಕಿದ್ರೆ ಮುಗೀತು. ಪೈಲಟ್ ತಕ್ಷಣ ಮೇಲೇರಿಸಿದ್ರು. ಕೆಳಗಿದ್ದವರು ಓಡಾಡಿ ಮೈದಾನ ಸ್ವಚ್ಛ ಮಾಡಿದ್ರು, ಆಮೇಲೆ ಹೆಲಿಕಾಪ್ಟರ್ ಇಳೀತು. ಎರಡು ತಿಂಗಳಿಗೆ, ಮೇ 2ರಂದು, ಜಕ್ಕೂರಿಂದ ಮುಳಬಾಗಿಲಿಗೆ ಹೊರಟ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರ್‌ಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಪುಡಿಯಾಯ್ತು. ಪೈಲಟ್ ಮುಳಬಾಗಿಲು ಬಿಟ್ಟು ಎಚ್‌ಎಎಲ್‌ಗೆ ತಂದಿಳಿಸಿದ್ರು. ಎಲ್ಲರೂ ಬದುಕಿದ್ರು.

ಜೇವರ್ಗಿ ವಿಡಿಯೋವನ್ನ ಚಾನೆಲ್‌ಗಳು ‘ಭಾರಿ ಅನಾಹುತ ತಪ್ಪಿತು’ ಅಂತ ತೋರಿಸಿದವು. ಅದು ತಾನಾಗೇ ತಪ್ಪಲಿಲ್ಲ. ಒಬ್ಬರು ಒಂದು ಸೆಕೆಂಡಲ್ಲಿ ‘ಈಗ ಬೇಡ’ ಅಂತ ತೀರ್ಮಾನ ಮಾಡಿ ತಪ್ಪಿಸಿದ್ರು. ಖರ್ಚು, ಕೆಲವು ನಿಮಿಷ. ವಿಮಾನದ ವಿಷಯದಲ್ಲಿ ಕೊನೆಯ ಮಾತು ಪೈಲಟ್‌ದೇ ಅಂತ ಅಂತಾರಾಷ್ಟ್ರೀಯ ನಿಯಮದಲ್ಲೇ ಇದೆ. ಆದ್ರೆ ನಿಯಮ ಅಧಿಕಾರ ಕೊಡತ್ತೆ, ಮರುದಿನದ ಕೆಲಸ ಉಳಿಸಿಕೊಡಲ್ಲ. ಅದನ್ನ ಉಳಿಸಬೇಕಾದವರು ಹಿಂದಿನ ಸೀಟಿನವರು.

ನೀವು ನಾನು ಸದ್ಯಕ್ಕೆ ಜೆಟ್ ಹತ್ತಲ್ಲ. ಆದ್ರೆ ಹಿಂದಿನ ಸೀಟಲ್ಲಿ ದಿನಾ ಕೂರ್ತೀವಿ. ಭದ್ರಾ ತುಂಬಿ ಹೆಬ್ಬಾಳೆ ಸೇತುವೆ ಮೇಲೆ ನೀರು ಬಂದಾಗ, ಚಾರ್ಮಾಡಿಯಲ್ಲಿ ಮಂಜು ಇಳಿದಾಗ, ರಾತ್ರಿ ಟೆಂಪೋ ಟ್ರಾವೆಲರ್ ಡ್ರೈವರ್ ಕಣ್ಣು ಎಳೀತಿದೆ ಅಂದಾಗ.

ಮೊದಲನೇ ಭಾಗದಲ್ಲಿ ಒಂದು ಮಾತು ಬಿಟ್ಟಿದ್ದೆ. ಆ ದಿನ ಜೀಪಲ್ಲಿ ಬೆಂಗಳೂರಿನವರಿಗಿಂತ ಮೊದಲು, “ಇನ್ನೊಂದ್ ಚೂರು ಹೋಗಾಣ ಚಿಕ್ಕಪ್ಪ, ಏನಾಗಲ್ಲ” ಅಂದಿದ್ದು ನಾನು. ಮೇಲೆ ಮಂಜಿನ ರೀಲ್ ಮಾಡ್ಬೇಕಿತ್ತು. ನನಗೆ ಬೇಜಾರಾಗ್ಬಾರ್ದು ಅಂತ ಚಿಕ್ಕಪ್ಪ ಇನ್ನೊಂದು ತಿರುವು ಹತ್ತಿದ್ರು. ಟೈರ್ ಜಾರಿದ್ದು ಆ ತಿರುವಲ್ಲಿ. ನಿಲ್ಲಿಸಿದ್ದು ಆಮೇಲೆ. ಮೊದಲ ಫೋಟೋ ತೆಗೆದ ಜಾಗ ಅದೇ.

ಹಾಗಾಗಿ ಒಂದೇ ಕೇಳ್ಕೊಳ್ಳೋದು. ಡ್ರೈವರ್ ‘ಇವತ್ತು ಬೇಡ’ ಅಂದ್ರೆ ‘ಸರಿ ಅಣ್ಣ’ ಅನ್ನಿ. ಬಂದಷ್ಟು ದೂರದ ಬಾಡಿಗೆ ಕೊಡಿ. ಮುಂದಿನ ಸಲ ಅವರಿಗೇ ಫೋನ್ ಮಾಡಿ.

ನಿಮಗೆ ಹೀಗೆ ‘ಬೇಡ’ ಅಂದವರು ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಬರೀರಿ. ಚಿಕ್ಕಪ್ಪನಿಗೆ ಓದಿ ಹೇಳ್ತೀನಿ.

#ಕಳಸ #ಮೂಡಿಗೆರೆ #ಮಲೆನಾಡು #ವಿಮಾನಚರಿತ್ರೆ #ಜಕ್ಕೂರು #ಇವತ್ತುಬೇಡಸಾರ್